ಅಪ್ಪಚ್ಚಿಯಾಗದ ನಿಂಬೆಹಣ್ಣುಗಳು

ಮುಂದಿನ ಚಕ್ರಗಳೆದುರು ಎರಡು ನಿಂಬೆಹಣ್ಣು ಇಟ್ಟಾಗಿತ್ತು, ಕಾಯಿಯೂ ಒಡೆದಾಗಿತ್ತು. ಮೆಕ್ಯಾನಿಕ್ ಫಕೀರಪ್ಪ ಗೇರಿನ ಹಿಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಮುಗಿದು, ಚಾವಿ ತಿರುಗಿಸಿದ. ನಿಂತಲ್ಲೇ ಗುರುಗುಡಬೇಕಿದ್ದ ಕಾರು ಹಿಂದಕ್ಕೆ ಜಿಗಿದು, ಹೋಟೆಲಿನ ಹಿತ್ತಲ ಬಾಗಿಲಲ್ಲಿದ್ದ ದೋಸೆಹಿಟ್ಟಿನ ಹಂಡೆಯನ್ನು ಉರುಳಿಸಿ ನಿಂತಿತು. ಬಂಪರಿಗೆ ಹಿಟ್ಟಿನ ಅಭಿಷೇಕ. ನಿಂಬೆಹಣ್ಣುಗಳು ಮಾತ್ರ ಇಟ್ಟಲ್ಲೇ, ಎರಡು ಹಳದಿ ಕಣ್ಣುಗಳ ಹಾಗೆ, ನೋಡುತ್ತ ಉಳಿದವು.

"ಕಾಯ್ ಝಾಲಂ?" ಎಂದು ಕಾರು ಕೊಳ್ಳಲು ಹಡಪಸರದಿಂದ ಬಂದಿದ್ದ ಅಪ್ಪಾಸಾಹೇಬ ಧೋತರ ಎತ್ತಿಕೊಂಡು ಹಾರಿದ.

ಏನಾಯಿತೆಂದು ಹೋಟೆಲಿನ ಯಜಮಾನತಿ ವಸಂತಿಗೆ ಗೊತ್ತಾಗಿಹೋಯಿತು. ಅವರಿಗೆ ಹೋಗಲು ಮನಸ್ಸಿಲ್ಲ.

ಅವರೆಂದರೆ ಗಂಡ ಮಹಾಲಿಂಗ. ತೀರಿಕೊಂಡು ಎರಡು ವರ್ಷ, ತೊಂಬತ್ತಾರನೇ ಇಸವಿಯಲ್ಲಿ. ಭಾನುವಾರ ಬಂತೆಂದರೆ ಪುಣೆಯ ಶಿವಾಜಿನಗರದ ಈ ಹೋಟೆಲನ್ನು ಅಡುಗೆಯವರಿಗೆ ಒಪ್ಪಿಸಿ, ಈ ಹಳೇ ಅಮೆರಿಕನ್ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಿಂಹಗಡದ ಬುಡದ ತನಕ ಹೋಗಿಬರುತ್ತಿದ್ದರು. ಕ್ಲಚ್ಚಿಲ್ಲದ ಕಾರು. "ಗೇರು ತಾನಾಗೇ ಬೀಳ್ತದೆ ಮಾರಾಯ್ತಿ" ಎಂದು ಅವರು ಬೀಗಿದಾಗ, ಗೇರುಹಣ್ಣಿನ ಊರಿನವಳಾದ ವಸಂತಿ "ಹಣ್ಣಾದ ಮೇಲೋ, ಕಾಯಿಯೋ?" ಎಂದು ನಕ್ಕಿದ್ದಳು.

ಈಗ ಬಾಗಿಲು ತೆರೆದರೆ ಅವರ ತಲೆಎಣ್ಣೆಯ ವಾಸನೆ. ಸಂಜೆ ಶೆಡ್ಡಿನ ತಗಡು ತಣಿಯುವ ಹೊತ್ತಿಗೆ ಒಳಗಿನಿಂದ 'ಕಟ್' ಎಂಬ ಸದ್ದು, ಯಾರೋ ಗೇರು ಬದಲಿಸಿದ ಹಾಗೆ. ಆ ಸದ್ದಿಗೆ ಹೆದರಿಯೇ ಕಾರನ್ನು ಕೊಡಲು ಒಪ್ಪಿದ್ದಳು. ಒಪ್ಪಿದ ಮೇಲೆ, ಆ ಸದ್ದಿಲ್ಲದ ಸಂಜೆಗೆ ಇನ್ನೂ ಹೆದರಿದ್ದಳು.

"ಅವರು ಬೇಡ ಅಂದರೆ ಕಾರು ಕೊಡುವುದಿಲ್ಲ" ಎಂದು ಅಪ್ಪಾಸಾಹೇಬನಿಗೆ ಮರಾಠಿಯಲ್ಲಿ ಖಡಾಖಂಡಿತ ಹೇಳಿದಳು. "ಫಕೀರಪ್ಪ, ಇನ್ನೊಂದು ಸಲ ನೋಡಿ."

ನೋಡುವುದಲ್ಲ, ಕೇಳುವುದು ಫಕೀರಪ್ಪನ ವಿದ್ಯೆ. ಗದಗಿನಿಂದ ಪುಣೆಗೆ ಬಂದು ಮೂವತ್ತು ವರ್ಷ. ಇಂಥ ಕಾರಿದ್ದವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಹಿಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಕಾರಿನಡಿ ತೂರುತ್ತಿದ್ದ. ಹಿಡಿಯಿಂದ ಬರುವ ಕೇಬಲ್ಲಿನ ನಟ್ಟು ಸಡಿಲಿಸಿ, ಗೇರುಪೆಟ್ಟಿಗೆಯ ಸನ್ನೆಕೋಲನ್ನು ಕೊನೆಯ ಗೇರಿಗೆ ಎಳೆದು, ಅಲ್ಲಿಂದ ಹಿಂದಕ್ಕೆ ತರುತ್ತಿದ್ದ. ಮೂರು 'ಕಟ್' ಆದರೆ ನ್ಯೂಟ್ರಲ್, ನಾಲ್ಕಾದರೆ ರಿವರ್ಸ್. ಕಣ್ಣು ಮುಚ್ಚಿ, ಸದ್ದು ಎಣಿಸಿ, ನಟ್ಟು ಬಿಗಿಯುತ್ತಿದ್ದ. ಈ ಕಾರಿಗೂ ಬೆಳಿಗ್ಗೆ ಹಾಗೇ ಬಿಗಿದಿದ್ದ. ಇತ್ತೀಚೆಗೆ ಮಾತೂ ಕಡಿಮೆ. ಏನು ಕೇಳಿದರೂ ಮುಗುಳ್ನಕ್ಕು ತಲೆಯಾಡಿಸುವುದಷ್ಟೆ. ಸಿದ್ಧಿ ಬಂದಿದೆ ಎಂದು ಜನ ಅನ್ನುತ್ತಿದ್ದರು. ಅವನ ಹೆಂಡತಿ ಸಾವಂತ್ರವ್ವನೂ ವಸಂತಿಯ ಹತ್ತಿರ ಗೋಳಾಡಿದ್ದಳು: "ಮನ್ಯಾಗೂ ಹಿಂಗ ರೀ. ಕರದ್ರ ಓ ಅನ್ನೂದಿಲ್ಲ. ಸನ್ಯಾಸಿ ಆಗ್ಯಾರ."

ಸನ್ಯಾಸಿ ಮತ್ತೆ ಕಾರಿನಡಿ ಮಲಗಿದ. ಕಿವಿಯನ್ನು ಗೇರುಪೆಟ್ಟಿಗೆಗೆ ಒತ್ತಿ, ಸುಮ್ಮನಿರಿ ಎಂದು ಅಂಗೈ ಎತ್ತಿದ. ಒಳಗೆ ಮಿಕ್ಸಿ ನಿಂತಿತು, ಸಪ್ಲಾಯರು ತಟ್ಟೆ ಹಿಡಿದುಕೊಂಡೇ ನಿಂತ. 'ಕಟ್'. ಸಂಜೆ ವಸಂತಿ ಕೇಳುತ್ತಿದ್ದ ಅದೇ ಸದ್ದು. ಫಕೀರಪ್ಪನ ಮುಖದಲ್ಲಿ ಚೂರೂ ಚಲನೆಯಿಲ್ಲ. 'ಕಟ್'. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಷ್ಟು ಉದ್ದದ ಮಾತು ಏನಿರಬಹುದು ಇವರಿಬ್ಬರ ನಡುವೆ?

ಕೊನೆಗೆ ಅವನು ತೆವಳಿ ಹೊರಬಂದ. ವಸಂತಿ ಎರಡು ಸಲ ಕೇಳಿದಳು. ಅವನು ಮುಗುಳ್ನಕ್ಕು ತಲೆಯಾಡಿಸಿದ. ಮೂರನೆಯ ಸಲ ಭುಜ ಹಿಡಿದು, ಮುಖದೆದುರು ಬಾಗಿ ಕೇಳಿದಳು.

"ಇಷ್ಟು ಹೊತ್ತು ಕಿವಿ ಕೊಟ್ಟಿರಲ್ಲ, ಅವರು ಎಂತ ಹೇಳಿದ್ರು? ಹೋಗ್ತಾರಂತಾ, ಇಲ್ಲೇ ಇರ್ತಾರಂತಾ?"

ಫಕೀರಪ್ಪ ಅವಳ ತುಟಿಯನ್ನೇ ನೋಡಿದ. ಒದ್ದೆಯಾದ ಅವಳ ಕಣ್ಣು ನೋಡಿದ. ಆಮೇಲೆ ದನಿ ತಗ್ಗಿಸಿದೆನೆಂದುಕೊಂಡು, ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದ:

"ಯಾರ ಮುಂದೂ ಹೇಳಬ್ಯಾಡ್ರಿ ವೈನಿ. ಎರಡು ವರ್ಷಾತು, ನನಗ ಕಿವಿ ಕೇಳಸೂದಿಲ್ಲ."