ಒಳಗೆ ನಿಲ್ಲಬಹುದಾದ ವ್ಯಾನ್

ನನ್ನ ಅಳಿಯನಿಗೆ ನಲವತ್ತಾರನೇ ವಯಸ್ಸಿನಲ್ಲಿ ಸ್ವಂತ ಕೆಲಸ ಶುರು ಮಾಡುವ ಹುಮ್ಮಸ್ಸು ಬಂತು. ಬನಶಂಕರಿಯ ಒಂದು ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಕಾರುಗಳ ಕೆಳಗೆ ಮಲಗಿದ್ದ ಮನುಷ್ಯ. ಕಾರು ಮೆಕ್ಯಾನಿಕ್ ಹತ್ತಿರ ಬರುವ ಬದಲು ಮೆಕ್ಯಾನಿಕ್ಕೇ ಕಾರಿನ ಹತ್ತಿರ ಹೋದರೆ ಹೇಗೆ ಎಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿದ. ಪ್ರಪಂಚದಲ್ಲಿ ಯಾರಿಗೂ ಹೊಳೆಯದ್ದು ಹೊಳೆದವನ ಮುಖ ಮಾಡಿಕೊಂಡಿದ್ದ. ಜಯನಗರದಲ್ಲಿ ಮೂವತ್ತು ವರ್ಷ ಇಸ್ತ್ರಿ ಗಾಡಿ ತಳ್ಳಿದವಳು ನಾನು. ಮನೆಮನೆಗೆ ಹೋಗಿ ಬಟ್ಟೆ ತಂದು, ಹೊಂಗೆ ಮರದ ಕೆಳಗೆ ಇಸ್ತ್ರಿ ಹಾಕಿ, ಮತ್ತೆ ಮನೆಮನೆಗೆ ಕೊಟ್ಟು ಬಂದವಳು ಅವನ ಎದುರಿಗೇ ಕೂತು ಸಾರು ಬಡಿಸಿಕೊಳ್ಳುತ್ತಿದ್ದಳು. ಆದರೂ ಸುಮ್ಮನಿದ್ದೆ. ಅಳಿಯನನ್ನು ಬೈಯುವುದು ಕಷ್ಟ, ಬಹುವಚನ ಹಾಕಿ ಬೈಯಬೇಕು.

ಗ್ಯಾರೇಜಿನ ಓನರ್ ತಕರಾರು ಮಾಡಲಿಲ್ಲವಂತೆ. ಆ ಗ್ಯಾರೇಜಿನ ಗೋಡೆಯ ಮೇಲೆ ಒಬ್ಬೊಬ್ಬ ಕೆಲಸದವನಿಗೂ ಅಂಗಿ ನೇತುಹಾಕಲು ಒಂದೊಂದು ಮೊಳೆ ಇದೆ. ಹೋಗಿ ಆಟ ಆಡಿಕೊಂಡು ಬಾ, ನಿನ್ನ ಮೊಳೆ ಹಾಗೇ ಇರುತ್ತೆ ಎಂದು ಬೆನ್ನು ತಟ್ಟಿ ಕಳಿಸಿದನಂತೆ. ಅಳಿಯ ಇದನ್ನು ನಗುತ್ತಾ ಹೇಳಿದ. ಆದರೆ ಖಾಕಿ ಅಂಗಿಯನ್ನು ಆ ಮೊಳೆಯ ಮೇಲೇ ಬಿಟ್ಟು ಬಂದಿದ್ದ. ಕೇಳಿದರೆ ಮರೆತೆ ಎಂದ. ಇಪ್ಪತ್ತು ವರ್ಷ ದಿನಾ ತೊಟ್ಟ ಅಂಗಿಯನ್ನು ಯಾರಾದರೂ ಮರೆಯುತ್ತಾರೆಯೇ? ಧೈರ್ಯ ಅರ್ಧಕ್ಕೆ ನಿಂತಿತ್ತು, ಉಳಿದರ್ಧ ಅಲ್ಲಿ ನೇತಾಡುತ್ತಿತ್ತು. ನನ್ನ ಮಗಳಿಗೂ ಅದು ಗೊತ್ತಾಯಿತು. ಪಾತ್ರೆ ತೊಳೆಯುತ್ತಾ ಅವಳು ಹೇಳಿದಳು: "ಅಮ್ಮ, ಇವ್ರು ಮತ್ತೆ ಹೋಗಿ ಆ ಅಂಗಿ ಹಾಕ್ಕೊಂಡ್ರೆ ಇನ್ನು ಸಾಯೋವರ್ಗೂ ತಲೆ ಎತ್ತಲ್ಲ."

ಮೊದಲು ವ್ಯಾನ್ ಆರಿಸಬೇಕಿತ್ತು. ಶ್ರೀನಗರದ ನಮ್ಮ ಮನೆಯ ಹಾಲ್‌ನಲ್ಲಿ ಅದಕ್ಕೊಂದು ಸಭೆಯೇ ಸೇರಿತು. ಅಳಿಯನ ಅಣ್ಣ ತಮ್ಮಂದಿರು, ಕೆಳಗಿನ ಮನೆಯ ರಿಟೈರ್ಡ್ ಗುಮಾಸ್ತರು, ಎಲ್ಲರೂ ಬಂದರು. ಗುಮಾಸ್ತರು ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ, ಅವರದೇ ಗಂಟಲು ಎಲ್ಲರಿಗಿಂತ ಜೋರು. ಅಳಿಯ ಫೋನಿನಲ್ಲಿ ವಿಡಿಯೋ ತೋರಿಸಿದ. ಯಾವುದೋ ದೇಶದ ಬಿಳಿಯನೊಬ್ಬ ಎತ್ತರದ ವ್ಯಾನಿನೊಳಗೆ ನೆಟ್ಟಗೆ ನಿಂತುಕೊಂಡು, ಎರಡೂ ಕಡೆಯ ಗೋಡೆಗೆ ಸ್ಪ್ಯಾನರುಗಳನ್ನು ಸಾಲಾಗಿ ನೇತುಹಾಕಿ, ಶಿಳ್ಳೆ ಹೊಡೆಯುತ್ತಾ ಓಡಾಡುತ್ತಿದ್ದ. ನಮಗೂ ಒಳಗೆ ನಿಲ್ಲಬಹುದಾದ ವ್ಯಾನೇ ಬೇಕು ಎಂದು ತೀರ್ಮಾನವಾಯಿತು.

"ರಿಪೇರಿ ಆಗ್ಬೇಕಾಗಿರೋ ಕಾರು ಆಚೆ ಇರುತ್ತೆ. ನೀವು ಒಳಗೆ ನಿಂತ್ಕೊಂಡು ಏನ್ ಮಾಡ್ತೀರಿ?" ಎಂದು ಕೇಳಿದೆ.

ಗುಮಾಸ್ತರು ನನ್ನನ್ನು ನೋಡಿ ನಕ್ಕು, ಕಾಲ ಬದಲಾಗಿದೆ ಎಂದರು. ಕಾಲ ಬದಲಾದರೆ ಕಾರು ವ್ಯಾನಿನೊಳಗೆ ಬರುತ್ತದೆಯೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕಾಫಿ ಬಂತು.

ಎತ್ತರದ ಸೆಕೆಂಡ್ ಹ್ಯಾಂಡ್ ವ್ಯಾನ್ ಬಂತು. ಬಿಳಿ ಬಣ್ಣ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆಸಿ, ನಗುವ ಸ್ಪ್ಯಾನರಿನ ಚಿತ್ರ ಹಾಕಿಸಿದ. ಸೀಟಿಗೆ ಹೊಸ ಕವರ್ ಹಾಕಿಸಿದ, ಅದರ ಮೇಲಿನ ಪ್ಲಾಸ್ಟಿಕ್ ಮಾತ್ರ ತೆಗೆಯಲು ಬಿಡಲಿಲ್ಲ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ಬೆಂಚು, ಮಡಚುವ ಚಪ್ಪರ, ಒಳಗೆ ಮದುವೆ ಮನೆಯಷ್ಟು ಲೈಟು. ಎಲ್ಲದಕ್ಕಿಂತ ಮೇಲೆ ಒಂದು ಸೂಟ್‌ಕೇಸು. ತೆರೆದರೆ ಇನ್ನೂರಕ್ಕೂ ಹೆಚ್ಚು ಸಾಮಾನು, ಒಂದೊಂದಕ್ಕೂ ಸ್ಪಂಜಿನಲ್ಲಿ ಒಂದೊಂದು ಹಳ್ಳ. ಹೆಣ್ಣಿನ ಕಡೆಯವರು ಒಡವೆ ತೋರಿಸುವ ಹಾಗೆ ತೆರೆದು ಎಲ್ಲರಿಗೂ ತೋರಿಸಿದ, ಮುಟ್ಟಲು ಯಾರಿಗೂ ಬಿಡಲಿಲ್ಲ. ಗ್ಯಾರೇಜಿನಿಂದ ತಂದಿದ್ದ ಸ್ವಂತ ಹಳೇ ಸ್ಪ್ಯಾನರುಗಳನ್ನು ಒಂದು ಆಯಿಲ್ ಡಬ್ಬದಲ್ಲಿ ತುಂಬಿ ಸೀಟಿನ ಕೆಳಗೆ ತಳ್ಳಿದ, ಬಡ ನೆಂಟರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ ಹಾಗೆ.

ಎರಡು ತಿಂಗಳು ವ್ಯಾನ್ ನಮ್ಮ ಬೀದಿಯಲ್ಲಿ ನಿಂತು ಎಲ್ಲರ ಬಾಯಿಗೂ ಬಿತ್ತು. ಫೋನ್ ಮಾಡಿದವರು ಬಂದು ನೋಡಿ ಹೇಳುವುದು ಫ್ರೀಯೇ ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಗ್ಯಾರೇಜ್ ಓನರ್ ಮಾತ್ರ ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುತ್ತಿದ್ದ. ಆ ಫೋನ್ ಬಂದ ದಿನ ಅಳಿಯ ಅರ್ಧ ಮುದ್ದೆಗೇ ಏಳುತ್ತಿದ್ದ.

ಕೊನೆಗೆ ಜೆಪಿ ನಗರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಒಂದು ಭಾನುವಾರ ಬಂದು ಐದು ಕಾರು ನೋಡಿ, ಸರಿಹೋದರೆ ಪ್ರತಿ ಭಾನುವಾರ ನೀವೇ ಎಂದು ಅಲ್ಲಿನ ಸೆಕ್ರೆಟರಿ ಹೇಳಿದರು. ಜೊತೆಗೆ ನಿಯಮದ ಒಂದು ಹಾಳೆ ಕಳಿಸಿದರು. ಸದ್ದಾಗಬಾರದು. ಆಯಿಲ್ ಚೆಲ್ಲಬಾರದು. ಹೊಗೆ ಬರಬಾರದು. ಮಕ್ಕಳು ಆಡುವ ಜಾಗದಲ್ಲಿ ನಿಲ್ಲಬಾರದು. ಅಂದರೆ ರಿಪೇರಿ ಮಾಡಬಹುದು, ಮೆಕ್ಯಾನಿಕ್ ಬಂದಿರುವುದು ಮಾತ್ರ ಯಾರಿಗೂ ಗೊತ್ತಾಗಬಾರದು. ಇದೂ ಕೈತಪ್ಪಿದರೆ ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಹೋಗಿಬಿಡುತ್ತೇನೆ ಎಂದು ಅಳಿಯ ಮಗಳ ಹತ್ತಿರ ಹೇಳಿದ್ದ.

ಭಾನುವಾರ ಮಗಳಿಗೆ ಕ್ಲಿನಿಕ್ಕಿನಲ್ಲಿ ಡ್ಯೂಟಿ. ಸೂಟ್‌ಕೇಸಿಗೆ ಕಾವಲು ಬೇಕಲ್ಲ, ನಾನು ಹೊರಟೆ. ಪ್ಲಾಸ್ಟಿಕ್ ಸೀಟಿನ ಮೇಲೆ ಕೂತರೆ ಜಾರುತ್ತಿತ್ತು, ಅದಕ್ಕೇ ನನ್ನ ಹಳೇ ಬೆಡ್‌ಶೀಟ್ ಹಾಸಿಕೊಂಡೆ. ಇಸ್ತ್ರಿ ಬಟ್ಟೆ ಗಂಟು ಕಟ್ಟಲು ಇಟ್ಟುಕೊಂಡಿದ್ದ ದಪ್ಪ ಶೀಟು.

ಕಾರುಗಳೆಲ್ಲ ಬೇಸ್‌ಮೆಂಟಿನಲ್ಲಿದ್ದವು. ಇಳಿಜಾರಿನ ಬಾಯಲ್ಲಿ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ತೂಗುಬಿಟ್ಟಿದ್ದರು. ಸೆಕ್ಯೂರಿಟಿಯವನು ಓಡಿ ಬಂದು ಕೈ ಅಡ್ಡ ಹಿಡಿದ. ಬಾಗಲಕೋಟೆ ಕಡೆಯವನು.

"ಸಾರ್, ನಿಂದರ್ರಿ. ಇದು ಒಳಗ ಹೋಗಂಗಿಲ್ರೀ. ಪೈಪಿಗೆ ಬಡೀತೈತಿ."

ಅಳಿಯ ಇಳಿದು ನೋಡಿದ. ವ್ಯಾನಿನ ತಲೆ ಪೈಪಿಗಿಂತ ಒಂದು ಮೊಳ ಮೇಲಿತ್ತು. ಕಾರುಗಳನ್ನೇ ಮೇಲೆ ತರೋಣವೆಂದರೆ ಎರಡಕ್ಕೆ ಬ್ಯಾಟರಿ ಸತ್ತಿತ್ತು, ಮೇಲೆ ಇದ್ದ ಜಾಗವೆಲ್ಲ ಮಕ್ಕಳು ಆಡುವ ಜಾಗ. ಒಳಗೆ ನಿಲ್ಲುವ ವ್ಯಾನ್ ಆರಿಸಿದ ಸಭೆಯಲ್ಲಿ ಒಬ್ಬನಾದರೂ ಬೆಂಗಳೂರಿನ ಕಾರು ಎಲ್ಲಿ ಮಲಗುತ್ತದೆ ಎಂದು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಅಳಿಯ ಸ್ಟೇರಿಂಗ್ ಹಿಡಿದು ಕೂತ. "ಅತ್ತೆ, ವಾಪಸ್ ಹೋಗೋಣ," ಎಂದ.

"ಎಲ್ಲಿಗೆ? ಮನೆಗೋ, ಆ ಮೊಳೆಗೋ?"

ನಾನು ಇಳಿದು, ಬೆಡ್‌ಶೀಟನ್ನು ಎಳೆದುಕೊಂಡು ನೆಲದ ಮೇಲೆ ಹಾಸಿದೆ.

"ಕಣ್ಣು ಮುಚ್ಚಿದ್ರೂ ಕೈಗೆ ಸಿಗೋ ಸಾಮಾನು ಯಾವ್ದಿದೆ? ಅಷ್ಟು ಮಾತ್ರ ಇದ್ರ ಮೇಲೆ ಹಾಕಿ."

ಅವನ ಕೈ ಸೂಟ್‌ಕೇಸಿನ ಮೇಲೆ ಒಂದು ಗಳಿಗೆ ಆಡಿತು. ಆಮೇಲೆ ಸೀಟಿನ ಕೆಳಗೆ ಹೋಗಿ ಆಯಿಲ್ ಡಬ್ಬ ಎಳೆಯಿತು. ಸ್ಪ್ಯಾನರುಗಳು, ಸುತ್ತಿಗೆ, ಸ್ಕ್ರೂಡ್ರೈವರ್, ಬ್ಯಾಟರಿಗೆ ಹಾಕುವ ವೈರು, ಅಷ್ಟೇ. ಎದುರುಬದುರು ಮೂಲೆ ಸೇರಿಸಿ ಬಿಗಿದು, ಉಳಿದೆರಡನ್ನು ಅದರ ಮೇಲೆ ಗಂಟು ಹಾಕಿದೆ. ಹಾಗೆ ಕಟ್ಟಿದರೆ ಒಳಗಿನದು ಅಲುಗುವುದಿಲ್ಲ, ಸದ್ದೂ ಆಗುವುದಿಲ್ಲ. ಜಾಕನ್ನು ಸೆಕ್ಯೂರಿಟಿಯವನು ಹಿಡಿದ. ಹೆಗಲ ಮೇಲೆ ಗಂಟು ಹೊತ್ತು ಇಳಿದ ಅಳಿಯ ಹಿಂದಿನಿಂದ ಥೇಟ್ ಇಸ್ತ್ರಿ ಗಂಟು ಹೊರುತ್ತಿದ್ದ ನನ್ನ ಗಂಡನ ಹಾಗೆ ಕಂಡ. ನನ್ನ ಗಂಡನಾಗಿದ್ದರೆ ಅರ್ಧ ದಾರಿಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ.

ಕೆಳಗೆ ಗಂಟು ಬಿಚ್ಚಿ, ಅದೇ ಶೀಟನ್ನು ಕಾರಿನ ಕೆಳಗೆ ಹಾಸಿದೆವು. ಬಿದ್ದ ಆಯಿಲೆಲ್ಲ ನನ್ನ ಶೀಟೇ ಕುಡಿಯಿತು. ಒಂದು ಕಾರು ಮುಗಿದರೆ ನಾಲ್ಕು ಮೂಲೆ ಹಿಡಿದು ಮುಂದಿನದಕ್ಕೆ ಎಳೆದುಕೊಂಡು ಹೋಗುವುದು. ಮಧ್ಯಾಹ್ನದ ಹೊತ್ತಿಗೆ ಐದೂ ಕಾರು ಸ್ಟಾರ್ಟ್ ಆಗಿ ನಿಂತಿದ್ದವು. ಇಸ್ತ್ರಿ ಗರಿ ಮುರಿಯದ ಪಂಚೆಯುಟ್ಟು ಸೆಕ್ರೆಟರಿ ಬಂದರು. ತಪ್ಪು ಹುಡುಕಲೆಂದೇ ಬಂದಿದ್ದರು, ಪಾಪ. ಬಗ್ಗಿ ನೆಲದ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಂಡರು. ಏನೂ ಅಂಟಿರಲಿಲ್ಲ.

"ನಿಮ್ ವ್ಯಾನ್ ಎಲ್ಲಿ?" ಎಂದು ಕೇಳಿದರು.

"ಮೇಲೆ ಗೇಟ್ ಹತ್ರ ಇದೆ ಸಾರ್."

"ಮುಂದಿನ ಭಾನುವಾರ ಗೇಟ್ ಎದುರಿಗೆ ನಿಲ್ಲಿಸ್ಬೇಡಿ, ನೋಡೋಕೆ ಚೆನ್ನಾಗಿರಲ್ಲ. ಒಂಬತ್ತಕ್ಕೆಲ್ಲ ಬಂದ್ಬಿಡಿ."

ಸೋಮವಾರ ಬೆಳಿಗ್ಗೆ ಅಳಿಯ ಗ್ಯಾರೇಜಿಗೆ ಹೋದ. ಮಗಳು ಬಾಗಿಲಲ್ಲೇ ನಿಂತು ಕಾದಳು. ಅರ್ಧ ಗಂಟೆಯಲ್ಲಿ ಖಾಕಿ ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಬಂದ. ಎರಡು ತಿಂಗಳ ಧೂಳಿಗೆ ಅದು ರಟ್ಟಿನ ಹಾಗೆ ನಿಂತಿತ್ತು. ಮಗಳು ನೆನೆಹಾಕಲು ಹೋದಳು, ಅವನು ಬೇಡವೆಂದು ಕತ್ತರಿ ತಂದು ನಾಲ್ಕು ತುಂಡು ಮಾಡಿದ. ಈಗ ಅವು ಕೈ ಒರೆಸುವ ಬಟ್ಟೆ.

ವ್ಯಾನನ್ನು ಇನ್ನೂ ಮಾರಿಲ್ಲ. ಹೋದ ಕಡೆಯೆಲ್ಲ ಅದು ರಸ್ತೆಯಲ್ಲಿ ನಿಂತು ನಗುತ್ತಿರುತ್ತದೆ, ಕೆಲಸ ಗಂಟಿನಲ್ಲಿ ಕೆಳಗಿಳಿಯುತ್ತದೆ. ಆ ಗಂಟಿಗೆ ಅಳಿಯ ಬೇಸ್‌ಮೆಂಟ್ ಕಿಟ್ ಎಂದು ಹೆಸರಿಟ್ಟಿದ್ದಾನೆ. ಇದು ತನಗೇ ಹೊಳೆದದ್ದು ಎಂದು ಮೊನ್ನೆ ಗುಮಾಸ್ತರ ಹತ್ತಿರ ಹೇಳುತ್ತಿದ್ದ. ಹೇಳಿಕೊಳ್ಳಲಿ. ನನ್ನ ಬೆಡ್‌ಶೀಟಿಗೆ ಬದಲು ಇನ್ನೊಂದು ತಂದುಕೊಡುತ್ತೇನೆ ಎಂದಿದ್ದ, ಅದು ಇನ್ನೂ ಬಂದಿಲ್ಲ.