ಬೋಳುಗುಡ್ಡದ ಮೊದಲ ತುತ್ತು

ನಮ್ಮ ಅತ್ತೆಗೆ ಊಟ ಸೇರುತ್ತಿಲ್ಲ ಎಂದು ನನಗೆ ಗೊತ್ತಾಗಿದ್ದು ಅವರು ದೇಶ ಬಿಟ್ಟು ಇಸ್ಸಾಕ್ವಾಕ್ಕೆ ಬಂದು ನಮ್ಮ ಜೊತೆ ನೆಲೆಸಿದ ಮೊದಲ ಚಳಿಗಾಲದಲ್ಲಿ. ಅನ್ನ ಬಿಡುತ್ತಿದ್ದರು ಅಂತಲ್ಲ. ಬಡಿಸಿದಷ್ಟನ್ನು ತಿಂದು, ಕೈ ತೊಳೆದು ಎದ್ದುಬಿಡುತ್ತಿದ್ದರು. ಇನ್ನೊಂದು ಸೌಟು ಹುಳಿ ಕೇಳಿದ್ದಿಲ್ಲ, ಉಪ್ಪು ಕಮ್ಮಿ ಅಂತ ಮುಖ ಸಿಂಡರಿಸಿದ್ದೂ ಇಲ್ಲ. ಮದುವೆಯಾದ ಹೊಸತರಲ್ಲಿ ಮೈಸೂರಿನಲ್ಲಿ ನಾನು ಕಂಡ ಅತ್ತೆ ಹೀಗಿರಲಿಲ್ಲ. ಬೇಕಾದ್ದನ್ನೆಲ್ಲ ಕೇಳಿ ಹಾಕಿಸಿಕೊಂಡು, ಅಳಿಯನಾದ ನನ್ನನ್ನು ರೇಗಿಸುತ್ತಾ, ಎಲೆ ಒಣಗುವ ತನಕ ಕೂತು ಉಣ್ಣುತ್ತಿದ್ದ ಹೆಂಗಸು ಅವರು.

ಮೈಸೂರಿನ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಡುಗೆಯಾಗುವ ಹೊತ್ತಿಗೆ ಬೀದಿಯ ಹಸುವೊಂದು ಬಂದು ಕೊಂಬಿನಿಂದ ಗೇಟಿನ ಚಿಲಕ ಆಡಿಸುತ್ತಿತ್ತು. ಅತ್ತೆ ಬಾಳೆಲೆಯ ಚೂರಿನ ಮೇಲೆ ಒಂದು ಹಿಡಿ ಅನ್ನ, ಒಂದಿಷ್ಟು ಬೆಲ್ಲ ಇಟ್ಟುಕೊಂಡು ಹೋಗಿ, "ಏನಮ್ಮಾ, ಇವತ್ತು ಲೇಟು? ಎಲ್ಲಿ ಸುತ್ತಕ್ಕೆ ಹೋಗಿದ್ದೆ?" ಎಂದು ವಿಚಾರಿಸಿ ಬಾಯಿಗೆ ಕೊಡುತ್ತಿದ್ದರು. ಅದು ನುಂಗುವ ತನಕ ನಿಂತು ನೋಡಿ, ಒಳಗೆ ಬಂದು, "ಅವಳದ್ದಾಯ್ತು. ಇನ್ನು ನಮ್ದು, ಬನ್ನಿ ಅಳಿಯಂದ್ರೇ," ಅನ್ನುತ್ತಿದ್ದರು. ಆ ಮಾತು ಕೇಳಿದರೆ ಸಾಕು, ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಇಸ್ಸಾಕ್ವಾದ ಗುಡ್ಡದ ಮೇಲಿನ ನಮ್ಮ ಕಾಲನಿಯಲ್ಲಿ ಗೇಟಿಲ್ಲ, ಚಿಲಕವಿಲ್ಲ, ಹಸುವಿನ ಮಾತಂತೂ ಕೇಳಲೇಬೇಡಿ. ನಿಜ ಹೇಳುತ್ತೇನೆ, ಆ ಮಾತನ್ನು ಇನ್ನೊಮ್ಮೆ ಕೇಳಬೇಕೆಂದು ನನಗೂ ತುಂಬ ಆಸೆಯಾಗುತ್ತಿತ್ತು.

ಊಟ ಯಾಕೆ ಸೇರುತ್ತಿಲ್ಲ ಎಂದು ಒಂದು ದಿನ ಕೇಳಿಯೇಬಿಟ್ಟೆ. "ಊಟ ಏನೋ ಮಾಡ್ತೀನಿ ಅಳಿಯಂದ್ರೇ, ಉಂಡ ಹಾಗಾಗಲ್ಲ," ಎಂದರು. "ಯಾರಿಗೂ ಕೊಡದೆ ತಿಂದ ಹಾಗಿರುತ್ತೆ."

"ನಾವಿಲ್ವಾ ಅತ್ತೆ? ದಿನಾ ನಮಗೆ ಬಡಿಸ್ತೀರಲ್ಲ."

"ನೀವು ಮನೆಯವರು. ಮನೆಯವರಿಗೆ ಬಡಿಸಿದ್ರೆ ಅದು ಕೊಟ್ಟ ಹಾಗಾಗುತ್ತಾ?"

ನಮ್ಮ ಬೀದಿಗೆ ಜಿಂಕೆಗಳೇನೋ ಬರುತ್ತಿದ್ದವು. ಒಂದು ಬೆಳಿಗ್ಗೆ ಪಕ್ಕದ ಮನೆಯ ಗುಲಾಬಿ ಮೊಗ್ಗುಗಳನ್ನು ಒಂದು ಹೆಣ್ಣುಜಿಂಕೆ ನೆಮ್ಮದಿಯಾಗಿ ಮೇಯುತ್ತಿತ್ತು. ಅತ್ತೆ ಬಾಳೆಹಣ್ಣು ಹಿಡಿದು, ಚಪ್ಪಲಿ ಹಾಕುವುದನ್ನೂ ಮರೆತು ಓಡಿದರು. ಜಿಂಕೆ ಹಾರಿ ಹೋಯಿತು. "ಹೋಗ್ಲಿ ಬಿಡಮ್ಮ, ಹೊಟ್ಟೆ ತುಂಬ ರೋಸ್ ತಿಂದ್ಕೊಂಡು ಹೋಯ್ತಲ್ಲ," ಎಂದು ನನ್ನ ಹೆಂಡತಿ ಸಮಾಧಾನ ಹೇಳಿದಳು. "ಅದು ಕದ್ದು ತಿಂದಿದ್ದು ಕಣೇ. ನಾನು ಕೊಟ್ಟಿದ್ದಲ್ಲ," ಎಂದರು ಅತ್ತೆ, ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಅದೇ ವರ್ಷ ನಾವು ಪೂರ್ವದ ಬೆಟ್ಟಗಳ ಬುಡದಲ್ಲಿ ಒಂದು ತುಂಡು ಜಮೀನು ಕೊಂಡೆವು. ಹಿಂದಿನ ಮಾಲೀಕರು ಮರವನ್ನೆಲ್ಲ ಕಡಿಸಿ ಮಾರಿ, ಬರೀ ಬೊಡ್ಡೆಗಳನ್ನು ಉಳಿಸಿದ್ದ ಬೋಳುಗುಡ್ಡ. ಲಾರಿ ಹೋದ ಕಡೆಯೆಲ್ಲ ಕೆಸರು, ಎಲ್ಲಿ ನೋಡಿದರೂ ಮುರಿದ ಕೊಂಬೆಯ ರಾಶಿ. ಅತ್ತೆ ಕಾರಿನಿಂದ ಇಳಿಯದೆ ನೋಡಿದರು. "ಅಯ್ಯೋ ರಾಮ! ಇದನ್ನ ದುಡ್ಡು ಕೊಟ್ಟು ತಗೊಂಡ್ರಾ?" ನನಗೂ ಹಾಗೇ ಅನ್ನಿಸಿತ್ತು, ಬಾಯಿ ಬಿಡುವ ಧೈರ್ಯವಿರಲಿಲ್ಲ. ಪಟ್ಟಣದ ಯೂನಿವರ್ಸಿಟಿ ಲ್ಯಾಬಿನಲ್ಲಿ ದಿನವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುವ ನನ್ನ ಹೆಂಡತಿಗೆ ಆ ಜಾಗ ಬೇಕೇ ಬೇಕಿತ್ತು. ಇಲ್ಲಿ ಜಿಂಕೆ, ಮೊಲ, ಹಕ್ಕಿ ಎಲ್ಲ ವಾಪಸ್ ಬರೋ ಹಾಗೆ ಮಾಡೋಣ ಎಂದಳು. "ಮಾಡೋಣ" ಅಂದರೆ ಮಾಡುವುದು ನಾನು, ಅದು ನನಗೆ ಗೊತ್ತಿದ್ದದ್ದೇ.

ಶನಿವಾರ ಬಂತೆಂದರೆ ಬೂಟು, ಗುದ್ದಲಿ, ಮೊಸರನ್ನದ ಡಬ್ಬಿ. ಕೊಂಬೆಯ ರಾಶಿಗಳನ್ನು ಸುಟ್ಟು ಚೊಕ್ಕ ಮಾಡೋಣ ಅಂದರೆ ಹೆಂಡತಿ ಬಿಡಲಿಲ್ಲ. ಮೊಲ, ಗುಬ್ಬಚ್ಚಿಗಳು ಅದರಡಿ ಅಡಗುತ್ತವಂತೆ. ಒಣಗಿ ನಿಂತ ಒಂದು ಮರವನ್ನು ಉರುಳಿಸೋಣ ಅಂದರೆ ಅದು ಮರಕುಟಿಗನಿಗಂತೆ. ದಿನಾ ಬಾಗಿಲು ಗುಡಿಸಿ ನೀರು ಹಾಕಿ ಬೆಳೆದ ಅತ್ತೆಗೆ ಆ ಕಸ ಕಂಡರೆ ಕೈ ತಡೆಯುತ್ತಿರಲಿಲ್ಲ. "ಕಸ ಇಡಕ್ಕೂ ಓದಬೇಕಾ?" ಎಂದು ಮಗಳನ್ನು ಛೇಡಿಸುತ್ತಿದ್ದರು. ಲಾರಿ ದಾರಿಯಲ್ಲಿ ಕ್ಲೋವರ್ ಎಂಬ ಮೇವಿನ ಸೊಪ್ಪಿನ ಬೀಜ ಎರಚಿದೆವು. ಮುಳ್ಳುಬಳ್ಳಿ ಕಿತ್ತು ಕಿತ್ತು ನನ್ನ ಸೊಂಟ ಬಿದ್ದುಹೋಯಿತು. ಚಿಗುರು ಬಂದಂತೆ ಜಿಂಕೆಯ ಗೊರಸಿನ ಗುರುತುಗಳೂ ಕಾಣತೊಡಗಿದವು.

ಆಮೇಲೊಂದು ಶನಿವಾರ ಬೊಡ್ಡೆಯೊಂದರ ಮೇಲೆ, ಎಲೆ ಮುಚ್ಚಿಟ್ಟ ಅನ್ನ ಬೆಲ್ಲ ನನ್ನ ಹೆಂಡತಿಯ ಕಣ್ಣಿಗೆ ಬಿತ್ತು.

"ಅಮ್ಮ, ಇದು ನೀನಾ? ಪ್ಲೀಸ್ ಹೀಗೆಲ್ಲ ಇಡಬೇಡ. ಚಳಿಗಾಲದಲ್ಲಿ ಜಿಂಕೆಗಳ ಹೊಟ್ಟೆ ಬರೀ ಕಡ್ಡಿ, ಚಿಗುರಿಗೆ ಒಗ್ಗಿರುತ್ತೆ. ಅನ್ನ ತಿಂದ್ರೆ ಅರಗಲ್ಲ, ಸತ್ತೇ ಹೋಗಬಹುದು."

"ಸಾಯುತ್ತಾ?" ಅತ್ತೆ ನಿಂತ ಕಡೆಯೇ ಕೂತುಬಿಟ್ಟರು. "ನನ್ನ ಕೈ ಅನ್ನ ತಿಂದ್ರೆ ಸಾಯುತ್ತಾ?"

ಹೆಂಡತಿ ಅಪ್ಪಿಕೊಂಡು ಏನೇನೋ ಹೇಳಿದಳು. ಅತ್ತೆ ಆ ಅನ್ನವನ್ನು ಒಂದಗುಳೂ ಬಿಡದೆ ಆಯ್ದು ಡಬ್ಬಿಗೆ ತುಂಬಿಕೊಂಡರು. ಆಮೇಲೆ ಅವರ ಊಟ ಇನ್ನೂ ಇಳಿಯಿತು. ರವಿಕೆ ತೋಳಿನಲ್ಲಿ ಜೋಲತೊಡಗಿತು.

ಚಳಿ ಮುಗಿಯುತ್ತಾ ಬಂದಾಗ ಹೆಂಡತಿ ವಿಲೋ ಮರದ ಕೊಂಬೆಗಳ ಒಂದು ಕಟ್ಟು ತಂದಳು. ಬೇರಿಲ್ಲ, ಎಲೆಯಿಲ್ಲ, ಬರೀ ಕೋಲು. ಹಳ್ಳದ ಪಕ್ಕದ ಒದ್ದೆ ಮಣ್ಣಿಗೆ ಚುಚ್ಚಿದರೆ ಚಿಗುರುತ್ತವೆ, ಆ ಚಿಗುರೆಂದರೆ ಜಿಂಕೆಗೆ ಪ್ರಾಣ ಎಂದಳು. ಅತ್ತೆ ಕೋಲೊಂದನ್ನು ತಿರುಗಿಸಿ ನೋಡಿ, "ನುಗ್ಗೆ ಕೊಂಬೆ ನೆಟ್ಟ ಹಾಗೇ ತಾನೇ?" ಎಂದರು. ಸೀರೆ ಎತ್ತಿ ಕಟ್ಟಿ, ನನ್ನ ಹಳೇ ಬೂಟು ಹಾಕಿಕೊಂಡು, ಮಂಡಿ ನೋವನ್ನೂ ಲೆಕ್ಕಿಸದೆ ಕೆಸರಿಗೆ ಇಳಿದರು. ನಾನು ಹಿಡಿದುಕೊಳ್ಳಲು ಹೋದರೆ, "ನೀವು ಮುಟ್ಟಬೇಡಿ. ನನ್ನ ಕೈಯಲ್ಲೇ ಆಗ್ಲಿ," ಎಂದರು. ಅವರ ಲೆಕ್ಕಾಚಾರ ನನಗೆ ಆಗ ಹೊಳೆಯಿತು. ತಾವೇ ನೆಟ್ಟದ್ದನ್ನು ಜಿಂಕೆ ತಿಂದರೆ ಅದು ಕದ್ದದ್ದಲ್ಲ, ತಾವು ಕೊಟ್ಟದ್ದು.

ಆದರೆ ಎಳೆ ಗಿಡವನ್ನು ಹಾಗೇ ಬಿಟ್ಟರೆ ಜಿಂಕೆ ಬುಡಸಮೇತ ಮುಗಿಸುತ್ತದೆ. ಅದಕ್ಕೆ ಪ್ರತಿಯೊಂದಕ್ಕೂ ತಂತಿ ಬಲೆ ಸುತ್ತಬೇಕಾಯಿತು. ಎಂಥ ಕರ್ಮ ನೋಡಿ! ಯಾರಿಗೆಂದು ನೆಟ್ಟೆವೋ ಅವರಿಗೇ ಬೇಲಿ. ಎರಡು ಚಳಿಗಾಲ ಕಳೆದವು. ಜಿಂಕೆಗಳು ಕ್ಲೋವರ್ ತಿಂದವು, ಬೊಡ್ಡೆಯ ಸುತ್ತಲ ಚಿಗುರು ತಿಂದವು, ಬಲೆಯ ಪಕ್ಕದಲ್ಲೇ ಹಿಕ್ಕೆ ಹಾಕಿ ಹೋದವು. ಅತ್ತೆ ಪ್ರತಿ ಶನಿವಾರ ಗಿಡದಿಂದ ಗಿಡಕ್ಕೆ ಹೋಗಿ ಬಲೆಯೊಳಗೆ ಬೆರಳು ತೂರಿಸಿ ಚಿಗುರು ಮುಟ್ಟಿ ನೋಡುತ್ತಿದ್ದರು. ಮೊದಲು ಕೋಲು ಹಿಡಿದು ನಡೆದರು, ಆಮೇಲೆ ನನ್ನ ತೋಳು ಹಿಡಿದು. "ನಾನಿರೋದ್ರೊಳಗೆ ತಿನ್ನುತ್ತಾ ಅಳಿಯಂದ್ರೇ?" ಎಂದು ಕೇಳುತ್ತಿದ್ದರು.

ಈ ವಸಂತದಲ್ಲಿ ಹೆಂಡತಿ ಬಲೆ ಇನ್ನೊಂದು ವರ್ಷ ಇರಲಿ ಎಂದಳು. ನನಗೆ ಪಿತ್ತ ನೆತ್ತಿಗೇರಿತು.

"ಇನ್ನೊಂದು ವರ್ಷ ಅಂತೆ! ನಿಮ್ಮಮ್ಮನ ಕೈ ನೋಡಿದೀಯಾ? ಗಿಡ ಹೋದ್ರೆ ಹೋಗ್ಲಿ, ಮತ್ತೆ ಚುಚ್ಚಿದ್ರಾಯ್ತು!"

ಅವಳು ಬಲೆಗಳ ಸಾಲಿನತ್ತ ತಿರುಗಿದಳು. ಕಣ್ಣು ತುಂಬಿತ್ತು. "ಒಂದು ಮಾತ್ರ ರೀ," ಎಂದಳು. "ಕಾರಿಗೆ ಹತ್ತಿರ ಇದೆಯಲ್ಲ, ಅದು." ನಾನು ಕಟರ್ ತಂದು ಆ ಒಂದು ಗಿಡದ ತಂತಿ ಕತ್ತರಿಸಿದೆ. ಅತ್ತೆ ಗಿಡಕ್ಕೆ ಕೈಮುಗಿದರು.

ಮುಂದಿನ ವಾರಗಳಲ್ಲಿ ಏನೂ ಬರಲಿಲ್ಲ. ಚಿಗುರು ಹಾಗೇ ಬೆಳೆಯುತ್ತಿತ್ತು. ಅತ್ತೆ ಕೇಳುವುದನ್ನೂ ಬಿಟ್ಟರು.

ಹೋದ ತಿಂಗಳು ಒಂದು ಮಧ್ಯಾಹ್ನ ಜಡಿಮಳೆ. ಕೆಲಸ ಬಿಟ್ಟು ಮೂವರೂ ಕಾರಿನಲ್ಲಿ ಕೂತಿದ್ದೆವು. ಅತ್ತೆ ಮುಂದಿನ ಸೀಟಿನಲ್ಲಿದ್ದರು, ಮಂಡಿಗೆ ಶಾಲು ಹೊದ್ದು. ಡಬ್ಬಿ ಬಿಚ್ಚುವುದರಲ್ಲಿದ್ದೆ, ಅವರು ನನ್ನ ಮಣಿಕಟ್ಟು ಹಿಡಿದರು. ಕೊಂಬೆಯ ರಾಶಿಯ ಹಿಂದಿನಿಂದ ಹೆಣ್ಣುಜಿಂಕೆಯೊಂದು ಬಂತು. ನೆಂದ ಮೈ, ಕಪ್ಪು ಬಾಲ. ಕ್ಲೋವರ್ ದಾಟಿತು. ವಿಲೋ ಹತ್ತಿರ ನಿಂತು ನಮ್ಮ ಕಡೆ ನೋಡಿತು. ಆಮೇಲೆ ಕತ್ತು ಚಾಚಿ ತುದಿಯ ಚಿಗುರನ್ನು ಕಚ್ಚಿ ಎಳೆದು, ನಿಧಾನವಾಗಿ ಅಗಿಯಿತು. ಇನ್ನೊಂದು. ಮತ್ತೊಂದು.

ಅತ್ತೆ ಗಾಜಿನ ಮೇಲೆ ಅಂಗೈ ಇಟ್ಟು, ಬಹಳ ಮೆಲ್ಲಗೆ, "ಏನಮ್ಮಾ, ಇಷ್ಟು ಲೇಟು?" ಎಂದರು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಬಿಕ್ಕುವುದು ಕೇಳಿಸಿತು. ಜಿಂಕೆ ತನಗೆ ಬೇಕಾದಷ್ಟು ತಿಂದು, ಅವಸರವಿಲ್ಲದೆ ಹಳ್ಳದ ಕಡೆ ಇಳಿದು ಹೋಯಿತು. ಅದು ಮರೆಯಾಗುವ ತನಕ ಅತ್ತೆ ಕೈ ತೆಗೆಯಲಿಲ್ಲ.

"ಅವಳದ್ದಾಯ್ತು," ಎಂದರು. "ಇನ್ನು ನಮ್ದು. ಡಬ್ಬಿ ತೆಗೀರಿ ಅಳಿಯಂದ್ರೇ."

ನಾನು ಮೊಸರನ್ನ ಬಡಿಸಿ ಕೊಟ್ಟೆ. ಅವರು ಒಂದು ತುತ್ತು ಬಾಯಿಗಿಟ್ಟು, ಮುಖ ಸಿಂಡರಿಸಿ, ಹಿಂದೆ ತಿರುಗಿ ಮಗಳನ್ನು ಕೇಳಿದರು. "ಉಪ್ಪೇ ಇಲ್ವಲ್ಲೇ ಇದಕ್ಕೆ! ಉಪ್ಪಿನಕಾಯಿ ಎಲ್ಲಿ?"