ಮರೆಯಬೇಕಿದ್ದ ಇಪ್ಪತ್ತು ಪದಗಳು

ಕೀಂಚ್, ಕೀಂಚ್. ತಳ್ಳುಮಂಚದ ಹಿಂದಿನ ಎಡಗಾಲಿ ಆಸ್ಪತ್ರೆಯ ಮೊಗಸಾಲೆಯುದ್ದಕ್ಕೂ ಕೂಗುತ್ತ ಬರುವಾಗ, ವಾರ್ಡಿನವರು ತಲೆ ಎತ್ತದೆಯೇ ಬಕೆಟ್ಟು, ಕುರ್ಚಿಗಳನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಎಣ್ಣೆ ಬಿಟ್ಟರೆ ಒಂದೆರಡು ದಿನ ಮೌನವ್ರತ, ಆಮೇಲೆ ಮತ್ತೆ ಅದೇ ರಾಗ. ಮಂಚ ತಳ್ಳುವವನಿಗೆ ಗಾಲಿಯಣ್ಣ ಎಂಬ ಹೆಸರು ಅಂಟಿಕೊಂಡದ್ದು ಹಾಗೆ. ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಬಳಸುತ್ತಿದ್ದಳು.

ಶಸ್ತ್ರಚಿಕಿತ್ಸೆಗೆ ಹೋಗುವವರು ಅವನ ಕೈಯಲ್ಲಿರುತ್ತಿದ್ದುದು ವಾರ್ಡಿನಿಂದ ಹಸಿರು ಬಾಗಿಲಿನವರೆಗೆ ಮಾತ್ರ. ಅಷ್ಟು ದಾರಿಯಲ್ಲೇ ಜನ ಮನಸ್ಸು ಬಿಚ್ಚುತ್ತಿದ್ದರು. ಚಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡುತ್ತ ಮಲಗಿದ್ದ ಹೆಂಗಸೊಬ್ಬಳು, ತಂಗಿಯ ಜೊತೆ ಮಾತು ಬಿಟ್ಟು ವರ್ಷಗಳೇ ಆದವು, ಅದಕ್ಕೆ ಕಾರಣ ಏನೆಂದರೆ, ಎನ್ನುವಷ್ಟರಲ್ಲಿ ಬಾಗಿಲು ಬಂದಿತ್ತು. ಬಾಗಿಲು ಅವಳನ್ನು ಒಳಗೆ ತೆಗೆದುಕೊಂಡಿತು, ಉಳಿದ ಅರ್ಧ ಮಾತು ಗಾಲಿಯಣ್ಣನ ಜೊತೆ ಮನೆಗೆ ಬಂತು. ಊಟದ ಮಧ್ಯೆ ಅವನು ಕೈ ನಿಲ್ಲಿಸಿ, ಯಾಕೆ ಬಿಟ್ಟಿರಬಹುದು ಎಂದು ಕೇಳಿದರೆ, ಯಾರು, ಏನು ಎಂದು ತಿಳಿಯದ ಹೆಂಡತಿ ಮೊದಲು ತಟ್ಟೆ ಖಾಲಿ ಮಾಡಲು ಹೇಳುತ್ತಿದ್ದಳು.

ಹಾಗಾಗಿಯೇ ಮನೋರೋಗ ವಿಭಾಗದಲ್ಲಿ ಸಹಾಯಕನ ಕೆಲಸ ಖಾಲಿಯಿದೆ ಎಂದು ತಿಳಿದಾಗ ಅವನ ಜೀವ ಅತ್ತ ಎಳೆಯಿತು. ಅಲ್ಲಿ ರೋಗಿಗಳ ಪಕ್ಕ ಕೂತು ಇಡೀ ಹಗಲು ಮಾತು ಕೇಳಬಹುದು. ಷರತ್ತು ಒಂದೇ, ಕಾಲೇಜಿನ ಸಂಜೆ ತರಗತಿಯಲ್ಲಿ ಮನಃಶಾಸ್ತ್ರದ ಮೊದಲ ಪಾಠಕ್ರಮ ಪಾಸಾಗಿರಬೇಕು. ಬೇಸಿಗೆಯೊಳಗೆ ಪಾಸಾಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ಮೊದಲ ದಿನ ಕೊಟ್ಟ ನಿಯಮಗಳ ಹಾಳೆಯನ್ನು ಮಗಳು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ನಾಲ್ಕು ಕಿರುಪರೀಕ್ಷೆ, ಅದರಲ್ಲಿ ಕಡಿಮೆ ಅಂಕದ್ದು ಲೆಕ್ಕಕ್ಕಿಲ್ಲ. ಕೊನೆಗೊಂದು ದೊಡ್ಡ ಪರೀಕ್ಷೆ. ಇದರ ಜೊತೆಗೆ ವಿಭಾಗದವರು ನಡೆಸುವ ಪ್ರಯೋಗಗಳಿಗೆ ಮೂರು ಸಲ ಹೋಗಿ ಕೂರಬೇಕು, ಇಲ್ಲದಿದ್ದರೆ ಫಲಿತಾಂಶ ತಡೆಹಿಡಿಯುತ್ತಾರೆ. ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ನಕಲು ಮಾಡಿದವರಿಗೆ ಇಡೀ ಪಾಠಕ್ರಮಕ್ಕೆ ಸೊನ್ನೆ.

ಮಿದುಳಿನ ಭಾಗಗಳ ಪರೀಕ್ಷೆಯಲ್ಲಿ ಗಾಲಿಯಣ್ಣ ಮಕಾಡೆ ಬಿದ್ದ. ಕಡಿಮೆಯದನ್ನು ಬಿಡುವ ನಿಯಮ ಅವನನ್ನು ಉಳಿಸಿತು. ಹೆಂಡತಿ ಗೋಡೆಯ ಹಾಳೆಯನ್ನು ಮತ್ತೊಮ್ಮೆ ಓದಿ ಹೇಳಿದಳು: "ನಾಲ್ಕು ಜನ ಅತ್ತಿಗೆ ನಾದಿನಿಯರಲ್ಲೂ ಒಬ್ಬರನ್ನ ಲೆಕ್ಕಕ್ಕೆ ಬಿಡೋ ಹಾಗಿದ್ದಿದ್ರೆ ನಾನು ಯಾವತ್ತೋ ಪಾಸಾಗ್ತಿದ್ದೆ." ಪಕ್ಕದ ಕೋಣೆಯಲ್ಲಿದ್ದ ಅವನ ಅಕ್ಕ, ಆ ಒಬ್ಬಳು ಯಾರೆಂದು ಅಲ್ಲಿಂದಲೇ ವಿಚಾರಿಸಿದಳು.

ಉಳಿದ ಪರೀಕ್ಷೆಗಳು ಮುಗಿದವು. ಎರಡು ಪ್ರಯೋಗಗಳೂ ಸುಸೂತ್ರವಾಗಿ ದಾಟಿದವು. ಒಂದರಲ್ಲಿ ಮುಖಗಳ ಚಿತ್ರ ನೋಡಬೇಕಿತ್ತು, ಇನ್ನೊಂದರಲ್ಲಿ ನಿದ್ದೆಯ ಬಗ್ಗೆ ಕೇಳಿದರು. ಉಳಿದದ್ದು ಮೂರನೆಯದು, ನೆನಪಿನದು. ಅದೇ ತರಗತಿಗೆ ಬರುತ್ತಿದ್ದ ವಾರ್ಡಿನ ನರ್ಸಮ್ಮ ಹಿಂದಿನ ದಿನವೇ ಕೂತು ಬಂದಿದ್ದಳು. ಇಪ್ಪತ್ತು ಪದ ತೋರಿಸುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಹೇಳಿಸುತ್ತಾರೆ, ತನಗೆ ಅರ್ಧವೂ ಬರಲಿಲ್ಲ ಎಂದು ಗೋಳಾಡಿದಳು. ಹಾಗಾದರೆ ತಾನು ಫೇಲಾಗುವುದು ಖಂಡಿತ ಎಂದ ಗಾಲಿಯಣ್ಣ. ಮರೆವಿಗೆ ಅವನು ಮನೆಯಲ್ಲಿ ಹೆಸರುವಾಸಿ. ನರ್ಸಮ್ಮನಿಗೆ ಕರುಣೆ ಬಂತು. ಅವಳು ಮರೆತದ್ದು ಅವಳ ಬೆಂಚಿನ ಗೆಳತಿಯರಿಗೆ ನೆನಪಿತ್ತು, ಅವರು ಮರೆತದ್ದು ಇವಳಿಗೆ. ಚಹಾದ ಹೊತ್ತಿನಲ್ಲಿ ಎಲ್ಲರೂ ಸೇರಿ ಇಪ್ಪತ್ತನ್ನೂ ಜೋಡಿಸಿ ಅವನ ಕೈಗಿಟ್ಟರು.

ಏಣಿ, ಉಪ್ಪು, ಕಿಟಕಿ, ಸೂಜಿ. ಆ ರಾತ್ರಿ ಮನೆ ಬಾಲವಾಡಿಯಾಯಿತು. ಮಗಳು ಕೇಳಿದಳು, ಹೆಂಡತಿ ತಿದ್ದಿದಳು, ಅಕ್ಕ ಬೇಡವೆಂದರೂ ಕಲಿತಳು.

ಮರುದಿನ ಪ್ರಯೋಗದ ಕೋಣೆಯಲ್ಲಿ ಸಂಶೋಧನೆಯ ಹುಡುಗಿ ಪದಗಳನ್ನು ತೋರಿಸಿ ಮುಗಿಸಿದಳು. ನಡುವೆ ಅಂಕಿಗಳನ್ನು ಹಿಂದುಮುಂದಾಗಿ ಎಣಿಸಲು ಹಚ್ಚಿದಳು. ಆಮೇಲೆ, ನೆನಪಿದ್ದಷ್ಟು ಹೇಳಿ ಎಂದಳು. ಅವನ ಬಾಯಿ ಇಳಿಜಾರಿನಲ್ಲಿ ಬಿಟ್ಟ ತಳ್ಳುಮಂಚದ ಹಾಗೆ ಓಡಿ ಇಪ್ಪತ್ತನೆಯ ಪದಕ್ಕೆ ಹೋಗಿ ನಿಂತಿತು. ಹುಡುಗಿಯ ಮುಖ ಅರಳಿತು. ಇಲ್ಲಿಯವರೆಗೆ ಯಾರಿಗೂ ಇಷ್ಟು ಬಂದಿಲ್ಲ, ನಿಮ್ಮ ಬಗ್ಗೆಯೇ ಪ್ರತ್ಯೇಕವಾಗಿ ಬರೆಯಬೇಕು, ನಾಳೆ ತರಗತಿಯ ಮೇಡಂ ಹತ್ತಿರ ಬನ್ನಿ ಎಂದಳು.

ಆ ಅರಳಿದ ಮುಖವೇ ಅವನನ್ನು ಕೊರೆಯಿತು. ಗೋಡೆಯ ಮೇಲಿನ ದಪ್ಪ ಅಕ್ಷರ ಇನ್ನಷ್ಟು ದಪ್ಪವಾಗಿ ಕಂಡಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದಳು ನರ್ಸಮ್ಮ. ಮರುದಿನ ಸಂಜೆ ಹೆಂಡತಿ ಅವನ ಜೊತೆ ಕಾಲೇಜಿಗೆ ಹೊರಟು, ತಾನು ಕೆಳಗೇ ಇರುತ್ತೇನೆಂದು ಮರದಡಿ ನಿಂತಳು.

ಮೇಡಂ ಕೋಣೆಯಲ್ಲಿ ಹುಡುಗಿಯೂ ಇದ್ದಳು. ಕುರ್ಚಿ ತೋರಿಸಿದರೂ ಅವನು ಕೂರಲಿಲ್ಲ.

"ಆ ಪದಗಳು ನಂಗೆ ಮೊದಲೇ ಗೊತ್ತಿದ್ವು ಮೇಡಂ."

"ಯಾರು ಹೇಳಿದ್ರು?"

"ಅದೊಂದು ಕೇಳಬೇಡಿ. ಬಾಯಿಪಾಠ ಮಾಡಿದೋನು ನಾನು. ಸೊನ್ನೆ ಕೊಡೋದಿದ್ರೆ ನಂಗೆ ಕೊಡಿ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಪ್ಪತ್ತನ್ನೂ ಕೂತು ಕಲಿತ್ರಾ?"

"ಮನೆಮಂದಿಯೆಲ್ಲ ಕಲಿತ್ರು. ನಮ್ಮಕ್ಕನ್ನ ಕೇಳಿದ್ರೆ ಈಗಲೂ ಹೇಳ್ತಾಳೆ."

ಹುಡುಗಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ನಗಲಿಲ್ಲ. ಆದರೆ ಮಾತು ಮೆತ್ತಗಾಯಿತು. "ಅದು ಪರೀಕ್ಷೆ ಅಲ್ಲ ರೀ. ಎಷ್ಟು ನೆನಪಿತ್ತು ಅನ್ನೋದಕ್ಕೆ ಅಂಕ ಇಲ್ಲ. ಬಂದು ಕೂತ್ರಲ್ಲ, ಲೆಕ್ಕಕ್ಕೆ ಅಷ್ಟೇ ಸಾಕು. ಜನ ಏನೇನು ಮರೀತಾರೆ ಅಂತ ನೋಡೋದು ಇವಳ ಕೆಲಸ. ನೀವು ಮನೇಲಿ ಬಿಟ್ಟು ಬಂದದ್ದು ಆ ಮರೆವನ್ನೇ."

ಹುಟ್ಟಿದಾಗಿನಿಂದ ಬೈಸಿಕೊಂಡ ಮರೆವನ್ನು ಕೇಳುವವರೂ ಇದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ಆ ಸೊನ್ನೆ?"

"ಅದು ಪರೀಕ್ಷೇಲಿ ನಕಲು ಹೊಡೆದೋರಿಗೆ. ಇವಳ ಪ್ರಯೋಗದಿಂದ ನಿಮ್ಮನ್ನ ತೆಗೀತೀವಿ, ನಿಮ್ಮ ಹಾಜರಿ ತೆಗೆಯಲ್ಲ. ಇನ್ನೊಂದ್ಸಲ ಯಾರ ಪ್ರಯೋಗಾನೂ ಹೀಗೆ ಕೆಡಿಸಬೇಡಿ. ಪದಗಳನ್ನ ನಾವೂ ಬದಲಾಯಿಸ್ತೀವಿ." ಮೇಡಂ ಅಂಕಗಳನ್ನು ಕೂಡಿ ತಲೆ ಎತ್ತಿದರು. "ಪಾಸ್. ಎ ಅಲ್ಲ, ಬಿ ಅಲ್ಲ. ಸಿ."

"ಸಿ ಬೇಕಾದಷ್ಟಾಯ್ತು ಮೇಡಂ." ಈಗ ಅವನು ಕೂತ.

"ನಾನು ನಿಮ್ಮನ್ನ ಅದ್ಭುತ ಅಂದ್ಕೊಂಡಿದ್ದೆ," ಎಂದಳು ಹುಡುಗಿ, ಸ್ವಲ್ಪ ಪೆಚ್ಚಾಗಿ.

"ಒಂದು ರಾತ್ರಿ ನಾನೂ ಹಾಗೇ ಅಂದ್ಕೊಂಡಿದ್ದೆ ಕಣಮ್ಮ."

ಮೇಡಂಗೆ ಈಗ ಪಾಠದ ಹುಮ್ಮಸ್ಸು ಬಂದಿತ್ತು. ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿ, ಎಲ್ಲರಿಗೂ ಮೊದಲ ಪದಗಳು ಉಳಿಯುತ್ತವೆ, ಕೊನೆಯವೂ ಉಳಿಯುತ್ತವೆ, ಜಾರಿಹೋಗುವುದು ನಡುವಿನವು ಎಂದು ಬಾಗಿದ ಗೆರೆಯೊಂದನ್ನು ಎಳೆದರು. "ಇದಕ್ಕೆ ಕಾರಣ ಏನಂದ್ರೆ..."

ಕಿಟಕಿಯ ಕೆಳಗೆ ಹೆಂಡತಿ ಕಂಡಳು. ಕೈಚೀಲವನ್ನು ಎದೆಗವಚಿಕೊಂಡು ಮೇಲೆ ನೋಡುತ್ತಿದ್ದಳು, ಯಾವ ಕಿಟಕಿ ಎಂದು ತಿಳಿಯದೆ ಎಲ್ಲ ಕಿಟಕಿಗಳನ್ನೂ ನೋಡುತ್ತಿದ್ದಳು. ಗಾಲಿಯಣ್ಣ ಎದ್ದ. ಮೇಡಂ ಇನ್ನೂ ಹಲಗೆಗೆ ಕಾರಣ ಹೇಳುತ್ತಿದ್ದಂತೆಯೇ ಬಾಗಿಲು ದಾಟಿ, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿಯುತ್ತ ಹೋದ.